ಅಪ್ಪನಿಗೆ ಬಾರದ ಕಣ್ಣೀರು ಕರ್ಣನಿಗೆ ಬಂತು, ಇದು ಸುಳ್ಳು ಅಳುವೇ?

ಡೊಂಬಿವಲಿಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಅವರ ಮಾತಿನಲ್ಲೇ, ಸ್ವಲ್ಪ ಚಿಕ್ಕದು ಮಾಡಿ ಕೊಡುತ್ತಿದ್ದೇನೆ:

"ನಮ್ಮ ತವರು ಕಾರ್ಕಳದ ಕಡೆ. ಮದುವೆಯಾದ ಮೇಲೆ ಮುಂಬಯಿಯಲ್ಲೇ ಇದ್ದೇನೆ. ಕಳೆದ ವರ್ಷ ಊರಲ್ಲಿ ಅಪ್ಪ ತೀರಿಕೊಂಡರು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಉತ್ತರಕ್ರಿಯೆ ಆಗುವವರೆಗೆ ಬಂದವರಿಗೆ ಕಾಫಿ, ಊಟ, ಖರ್ಚಿನ ಲೆಕ್ಕ, ಇದರಲ್ಲೇ ದಿನ ಹೋಯಿತು. ಅಳು ಬರಲೇ ಇಲ್ಲ. ಈ ಮಳೆಗಾಲದಲ್ಲಿ ಮಾಟುಂಗದಲ್ಲಿ ಊರಿನ ಯಕ್ಷಗಾನ ಮೇಳದ ಕರ್ಣಪರ್ವ ಇತ್ತು. ಅಪ್ಪನಿಗೆ ಆಟ ಅಂದರೆ ಪ್ರಾಣ, ಅದಕ್ಕೇ ಹೋದೆ. ರಥದ ಗಾಲಿ ಹೂತು, ಶಲ್ಯ ಬಿಟ್ಟು ಹೋಗಿ, ಕರ್ಣ ಒಬ್ಬನೇ ನಿಂತಾಗ ನನಗೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಮನೆಗೆ ಬಂದ ಮೇಲೆ ಹಗುರ ಅನಿಸಿತು. ಮತ್ತೆ ನೋಡಬೇಕು ಅಂತಲೂ ಅನಿಸಿತು, ಅಲ್ಲೇ ನನಗೆ ಹೆದರಿಕೆ ಹುಟ್ಟಿದ್ದು. ಹೆತ್ತ ಅಪ್ಪನಿಗೆ ಬಾರದ ಕಣ್ಣೀರು ಬಣ್ಣ ಹಚ್ಚಿದವರಿಗೆ ಬಂತು ಅಂದರೆ ನಾನು ಎಂಥವಳು? ದುಡ್ಡು ಕೊಟ್ಟು ಅಳುವುದು ಮನೆಗೆ ಒಳ್ಳೆಯದಲ್ಲ ಎನ್ನುತ್ತಾರೆ ನಮ್ಮ ಅತ್ತೆ. ಮೈದುನ ಓದಿಕೊಂಡವನು. 'ಅದು ಕೆಥಾರ್ಸಿಸ್ ಅತ್ತಿಗೆ, ಒಳಗಿದ್ದದ್ದೆಲ್ಲ ಹೊರಗೆ ಹೋಯ್ತು, ಒಳ್ಳೇದೇ ಆಯ್ತು' ಎನ್ನುತ್ತಾನೆ. ನಮ್ಮವರ ಸ್ನೇಹಿತರೊಬ್ಬರು ದುರಂತ ನಾಟಕ ನಮ್ಮ ಸಂಸ್ಕೃತಿಯದ್ದೇ ಅಲ್ಲ, ಪಶ್ಚಿಮದಿಂದ ಬಂದದ್ದು ಅಂದರು. ಈಗ ನಮ್ಮ ಬಿಲ್ಡಿಂಗಿನ ಮರಾಠಿ ಗೆಳತಿ ನಟಸಮ್ರಾಟ್ ನಾಟಕಕ್ಕೆ ಕರೆಯುತ್ತಿದ್ದಾರೆ. ವಯಸ್ಸಾದ ತಂದೆಯ ಕಥೆಯಂತೆ. ಹೋಗಲೇ ಬೇಡವೇ? ಹನ್ನೆರಡು ವರ್ಷದ ಮಗನೂ ಬರುತ್ತೇನೆ ಅಂತ ಹಟ ಮಾಡುತ್ತಿದ್ದಾನೆ."

ಉತ್ತರ:

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಅಳು ಸುಳ್ಳಲ್ಲ. ಅದರಿಂದ ಅಪ್ಪನಿಗೆ ದ್ರೋಹವೂ ಆಗಿಲ್ಲ. ಮತ್ತೆ ನೋಡಬೇಕು ಅನಿಸಿದ್ದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಇಷ್ಟು ಸಮಾಧಾನ ಹೇಳಿ ಕಳಿಸಿಬಿಟ್ಟರೆ ನಿಮ್ಮ ಪ್ರಶ್ನೆಗೆ ಮರ್ಯಾದೆ ಕೊಟ್ಟ ಹಾಗಾಗುವುದಿಲ್ಲ. ನೀವು ಕೇಳಿದ್ದು ತುಂಬಾ ಹಳೆಯ ಪ್ರಶ್ನೆ. ಪ್ಲೇಟೋ ಕಾಲದಿಂದ, ಅಂದರೆ ಸುಮಾರು 2400 ವರ್ಷಗಳಿಂದ, ಇದಕ್ಕೆ ಜಗಳ ನಡೆದೇ ಇದೆ. ನಾನು ಮುಂಬಯಿಯ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತೇನೆ. ಕಲೆಯ ಬಗ್ಗೆ ಪಾಠ ಶುರುವಾದ ಕೂಡಲೇ ಮಕ್ಕಳು ಕೇಳುವುದೂ ಇದನ್ನೇ: ಇಲ್ಲದ ಮನುಷ್ಯನಿಗೆ ನಾವ್ಯಾಕೆ ಅಳುತ್ತೇವೆ, ಅತ್ತು ಯಾಕೆ ಖುಷಿ ಪಡುತ್ತೇವೆ?

ಕಾಲಿನ್ ರ್‍ಯಾಡ್‌ಫರ್ಡ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1975ರಲ್ಲಿ ಇದನ್ನು ಬಹಳ ಖಡಾಖಂಡಿತವಾಗಿ ಎತ್ತಿದರು. ಕಾದಂಬರಿಯ ಹೆಣ್ಣೊಬ್ಬಳು ನಿಜವಾಗಿ ಬದುಕಿರಲೇ ಇಲ್ಲ ಅಂತ ನಮಗೆ ಗೊತ್ತು. ಆದರೂ ಅವಳ ಗತಿಗೆ ಮರುಗುತ್ತೇವೆ. ಹಾಗಾದರೆ ಈ ಮರುಕಕ್ಕೆ ತಲೆಬುಡ ಇಲ್ಲ ಎಂದುಬಿಟ್ಟರು ಅವರು. ಮೂರು ವರ್ಷದ ನಂತರ ಅಮೆರಿಕದ ಕೆಂಡಲ್ ವಾಲ್ಟನ್ ಬೇರೆ ದಾರಿ ಹಿಡಿದರು. ಮಕ್ಕಳು ಆಟದಲ್ಲಿ ಹೆದರುವ ಹಾಗೆ ನಾವೂ ಕಥೆಯೊಳಗೆ ಸೇರಿಕೊಂಡು ಹೆದರುತ್ತೇವೆ, ಅದು ಹೊರಗಿನ ಹೆದರಿಕೆಯಂಥದ್ದಲ್ಲ ಎಂದರು. ಇಬ್ಬರೂ ದೊಡ್ಡವರು. ಆದರೆ ಇಬ್ಬರ ಉತ್ತರವೂ ನನಗೆ ಒಪ್ಪಿಗೆ ಆಗಿಲ್ಲ.

ಯಾಕೆ ಅಂತ ನಿಮ್ಮ ಕರ್ಣಪರ್ವವನ್ನೇ ಇಟ್ಟುಕೊಂಡು ಹೇಳುತ್ತೇನೆ. ವೇಷಧಾರಿ ಸಾಯುವುದಿಲ್ಲ, ಚೌಕಿಗೆ ಹೋಗಿ ಬಣ್ಣ ತೆಗೆದು ಊಟ ಮಾಡುತ್ತಾರೆ ಅಂತ ನಿಮಗೆ ಗೊತ್ತಿತ್ತು. ಒಂದು ಕ್ಷಣಕ್ಕೂ ನೀವು ಮೋಸ ಹೋಗಿರಲಿಲ್ಲ. ನೀವು ಅತ್ತದ್ದು ಆ ಆಟ ತೋರಿಸಿದ ಒಂದು ಸಂಗತಿಗೆ. ಒಬ್ಬ ಮನುಷ್ಯ ತನಗೆ ಅನ್ನ ಕೊಟ್ಟವನ ಋಣ ತೀರಿಸಲು ಹೊರಟು, ಆ ಋಣದಿಂದಲೇ ಹಾಳಾಗಿ, ಕೊನೆಗೆ ಯಾರೂ ಇಲ್ಲದೆ ನಿಲ್ಲುತ್ತಾನೆ. ಕರ್ಣ ಇದ್ದನೋ ಇಲ್ಲವೋ, ಈ ಸಂಗತಿ ಲೋಕದಲ್ಲಿ ಇದೆ. ದಿನಾ ನಡೆಯುತ್ತದೆ. ನಮ್ಮ ಬಿಲ್ಡಿಂಗಿನಲ್ಲೇ ಯಾರದೋ ಮನೆಯಲ್ಲಿ ನಡೆಯುತ್ತಿರುತ್ತದೆ. ನಿಜವಾದ ಸಂಗತಿಗೆ ಬಂದ ಕಣ್ಣೀರು ನಿಜವಾದ ಕಣ್ಣೀರೇ ಅಲ್ವಾ?

ಇನ್ನೊಂದು ಮಾತು. ಆ ದೃಶ್ಯ ಸುಮ್ನೆ ಹಾಗೆ ಆಗಿಲ್ಲ, ಅದನ್ನು ಕಟ್ಟಿದ್ದಾರೆ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ 1919ರಲ್ಲಿ ಶುರುವಾಗಿ 1966ರಲ್ಲಿ ಮುಗಿದ ಸಂಸ್ಕೃತ ಮಹಾಭಾರತದ ಸಂಶೋಧಿತ ಆವೃತ್ತಿ ಇದೆ. ಅದನ್ನು ತೆಗೆದು ನೋಡಿ. ಅಲ್ಲಿ ಶಲ್ಯ ಕರ್ಣನನ್ನು ಬಿಟ್ಟು ಹೋಗುವುದಿಲ್ಲ. ಕರ್ಣ ಬಿದ್ದ ಮೇಲೆ ಬರಿ ರಥ ಹೊಡೆದುಕೊಂಡು ದುರ್ಯೋಧನನ ಹತ್ತಿರ ಹೋಗುವವನೇ ಅವನು. ನಮ್ಮ ಕುಮಾರವ್ಯಾಸನಲ್ಲಿ, ಅವನಿಂದ ಮುಂದೆ ಯಕ್ಷಗಾನದಲ್ಲಿ, ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಅಂತ ಕರ್ಣ ಹಟ ಹಿಡಿದಾಗ ಶಲ್ಯ ಸಿಟ್ಟಾಗಿ ಇಳಿದು ಹೋಗುತ್ತಾನೆ. ಅಂದರೆ ಕರ್ಣನ ಹತ್ತಿರ ಉಳಿದಿದ್ದ ಕೊನೆಯ ಮನುಷ್ಯನನ್ನೂ ನಮ್ಮ ಕವಿಗಳು ತೆಗೆದುಬಿಟ್ಟರು. ಅದೂ ಹೇಗೆ, ಕರ್ಣ ಕೊಟ್ಟ ಮಾತಿಗೆ ನಿಂತದ್ದರಿಂದಲೇ. ನಿಮ್ಮನ್ನು ಅಳಿಸಿದ ಜಾಗ ಅದೇ. ಅಪ್ಪನ ಕೊನೆಯ ಗಳಿಗೆಗೆ ತಲುಪಲಾಗದ ಮಗಳಿಗೆ ಒಂಟಿಯಾಗಿ ನಿಂತ ಕರ್ಣ ಕಂಡದ್ದು ಆಕಸ್ಮಿಕವೇನಲ್ಲ. ಅಪ್ಪ ಅಲ್ಲಿ ಬಂದೇ ಬಂದಿರುತ್ತಾರೆ.

ಆದರೆ ಬರೀ ಅಪ್ಪ ಮಾತ್ರ ಬಂದಿದ್ದರೆ ನೀವು ಅಲ್ಲಿ ಕೂತಿರುತ್ತಿರಲಿಲ್ಲ. ಎದ್ದು ಹೊರಗೆ ಹೋಗಿಬಿಡುತ್ತಿದ್ದಿರಿ. ನಿಮ್ಮ ಇಡೀ ಪತ್ರಕ್ಕೆ ಉತ್ತರ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕ್ರಿಸ್ತಪೂರ್ವ 494ರಲ್ಲಿ ಮಿಲೇಟಸ್ ಎಂಬ ಗ್ರೀಕ್ ಊರನ್ನು ಪರ್ಷಿಯನ್ನರು ಹಾಳುಮಾಡಿದರು. ಅಥೆನ್ಸಿನವರಿಗೆ ಅದು ನೆಂಟರ ಊರಿದ್ದ ಹಾಗೆ. ಫ್ರಿನಿಕಸ್ ಎಂಬ ನಾಟಕಕಾರ ಅದೇ ವಿಷಯ ತೆಗೆದುಕೊಂಡು ನಾಟಕ ಆಡಿಸಿದ. ನೋಡುತ್ತಿದ್ದ ಜನರೆಲ್ಲ ಗೋಳೋ ಅಂತ ಅತ್ತರು. ಅಷ್ಟು ಚೆನ್ನಾಗಿ ಅಳಿಸಿದ್ದಕ್ಕೆ ಬಹುಮಾನ ಸಿಕ್ಕಿರಬೇಕು ಅಂದುಕೊಳ್ಳುತ್ತೀರಿ. ಸಿಕ್ಕಿದ್ದು 1000 ದ್ರಾಕ್ಮಾ ದಂಡ. ನಮ್ಮ ಮನೆಯ ಸಂಕಟವನ್ನೇ ನಮಗೆ ನೆನಪಿಸಿದೆ ಅಂತ ದಂಡ ಹಾಕಿ, ಆ ನಾಟಕವನ್ನು ಇನ್ನು ಯಾರೂ ಆಡಬಾರದು ಎಂದರು. ಹೆರೊಡೊಟಸ್ ಇದನ್ನು ಬರೆದಿಟ್ಟಿದ್ದಾನೆ. ದುರಂತ ನಾಟಕ ಹುಟ್ಟಿ ಬೆಳೆದ ಊರಿನ ಜನ ಅವರು, ಅಳುವುದಕ್ಕೆ ಹೆದರುವವರಲ್ಲ. ಆದರೆ ಈ ಅಳು ಬೇರೆ ಅಂತ ಅವರಿಗೆ ಗೊತ್ತಾಯಿತು. ಅದೇ ಜನ ಕ್ರಿಸ್ತಪೂರ್ವ 472ರಲ್ಲಿ ಈಸ್ಕಿಲಸ್ ಬರೆದ 'ಪರ್ಷಿಯನ್ನರು' ನೋಡಿದರು. ತಮ್ಮ ಊರು ಸುಟ್ಟ ಶತ್ರುಗಳ ಮನೆಯಲ್ಲಿ, ಸೋತ ಸುದ್ದಿ ಬಂದಾಗ ತಾಯಿ ಹೇಗೆ ಕುಸಿದಳು ಅಂತ ತೋರಿಸುವ ನಾಟಕ ಅದು. ಆ ಸೋಲು ನಡೆದು ಎಂಟೇ ವರ್ಷ ಆಗಿತ್ತು. ಆ ನಾಟಕಕ್ಕೆ ಮೊದಲ ಬಹುಮಾನ ಬಂತು.

ಅಭಿನವಗುಪ್ತ ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ಕೂತು ಇದನ್ನು ಇನ್ನೂ ಬಿಡಿಸಿ ಹೇಳಿದ. ರಸ ಹುಟ್ಟದಂತೆ ತಡೆಯುವ ಏಳು ವಿಘ್ನಗಳನ್ನು ಆತ ಪಟ್ಟಿ ಮಾಡುತ್ತಾನೆ. ಅದರಲ್ಲಿ ಒಂದು, ನೋಡುವವರು ತಮ್ಮದೇ ಸುಖದುಃಖದಲ್ಲಿ ಮುಳುಗಿರುವುದು. ನಮ್ಮದು ನಮ್ಮನ್ನು ಪೂರ್ತಿ ಹಿಡಿದುಕೊಂಡಿದ್ದರೆ ಎದುರಿಗಿರುವುದು ಕಾಣುವುದಿಲ್ಲ. ಅದಕ್ಕೇ ಹಾಡು, ವಾದ್ಯ, ಅಲಂಕಾರ ಎಲ್ಲ ಬೇಕು ಎನ್ನುತ್ತಾನೆ. ವೇಷ, ಕಿರೀಟ ಇರುವುದು ಯಾಕೆ ಗೊತ್ತಾ? ಇಂಥ ಊರಿನ ಇಂಥ ನಟ ಅನ್ನುವುದು ಮರೆಯಾಗಲಿ ಅಂತ. ಹಾಗೆ ಮರೆಯಾದಾಗ ಆ ದುಃಖ ಅವನದೂ ಅಲ್ಲ, ನನ್ನದೂ ಅಲ್ಲ, ಎಲ್ಲರದೂ ಆಗುತ್ತದೆ. ನೀವು ಮಾಟುಂಗದಲ್ಲಿ ನೋಡಿದ್ದನ್ನೇ ನೆನಪಿಸಿಕೊಳ್ಳಿ. ಚೆಂಡೆಯ ಪೆಟ್ಟು, ಭಾಗವತರ ಪದ್ಯ, ಅಷ್ಟು ದೊಡ್ಡ ಕಿರೀಟ, ಮುಖದ ಬಣ್ಣ. ಯಾವುದೂ ದಿನನಿತ್ಯದ್ದಲ್ಲ. ಅಷ್ಟೆಲ್ಲ ನಡುವೆ ನಿಂತಿದ್ದರಿಂದಲೇ ನಿಮ್ಮ ದುಃಖ ನಿಮ್ಮ ಮೇಲೆ ಬೀಳಲಿಲ್ಲ, ನಿಮ್ಮ ಎದುರಿಗೆ ನಿಂತಿತು. ಊರಿನ ಮನೆಯಲ್ಲಿ ಆ ದೂರ ಇರಲಿಲ್ಲ. ಅಲ್ಲಿ ನೀವು ಕಾಫಿ ಸೋಸುವವರು, ಲೆಕ್ಕ ಬರೆಯುವವರು. ನೋಡುವುದಕ್ಕೆ ನಿಮಗೆ ಜಾಗವೇ ಇರಲಿಲ್ಲ.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1757ರಲ್ಲಿ ದುರಂತ ನಾಟಕದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಒಳ್ಳೆಯ ಮಾತುಗಾರಿಕೆ ದುಃಖದ ಬಲವನ್ನೇ ಎಳೆದುಕೊಂಡು ಅದನ್ನು ಸುಖವಾಗಿ ತಿರುಗಿಸುತ್ತದೆ ಎಂದು ಅವನ ವಾದ. ಆದರೆ ಅದೇ ಪ್ರಬಂಧದಲ್ಲಿ ಅವನು ಒಂದು ಎಚ್ಚರಿಕೆ ಹೇಳುತ್ತಾನೆ. ಮಗು ಕಳೆದುಕೊಂಡ ತಂದೆಯ ಎದುರು ಕೂತು, ಆ ನಷ್ಟ ಎಷ್ಟು ದೊಡ್ಡದು ಅಂತ ಸೊಗಸಾಗಿ ವರ್ಣಿಸಿದರೆ ಅವನಿಗೆ ಸಮಾಧಾನ ಆಗುತ್ತದೆಯೇ? ಇಲ್ಲ, ಮಾತು ಚೆನ್ನಾಗಿದ್ದಷ್ಟೂ ನೋವು ಹೆಚ್ಚು. ಎಡ್ವರ್ಡ್ ಬುಲ್ಲೋ ಎಂಬ ವಿದ್ವಾಂಸ 1912ರಲ್ಲಿ ಇದಕ್ಕೇ ಇನ್ನೊಂದು ಉದಾಹರಣೆ ಕೊಟ್ಟ. ಹೆಂಡತಿಯ ಮೇಲೆ ಅನುಮಾನ ಇರುವ ಗಂಡ ಶೇಕ್ಸ್‌ಪಿಯರನ ಒಥೆಲೋ ನಾಟಕ ನೋಡಲು ಹೋದರೆ ಅವನಿಗೆ ಒಥೆಲೋ ಕಾಣುವುದಿಲ್ಲ, ತನ್ನ ಮನೆ ಕಾಣುತ್ತದೆ. ಕಥೆ ನಮ್ಮ ಬದುಕಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು, ಆದರೆ ದೂರ ಪೂರ್ತಿ ಅಳಿಸಿ ಹೋಗಬಾರದು. ನಟಸಮ್ರಾಟ್ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಈಗ ನಿಮ್ಮ ಮೈದುನನ ಮಾತು. ಅವನು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾನೆ. ಆದರೆ ಅರ್ಧ ಸರಿ ಅಷ್ಟೇ. ಅರಿಸ್ಟಾಟಲ್ ತನ್ನ ಕಾವ್ಯದ ಪುಸ್ತಕದಲ್ಲಿ ದುರಂತ ನಾಟಕ ಏನು ಅಂತ ಹೇಳುವಾಗ, ಕರುಣೆ ಮತ್ತು ಭಯದ ಮೂಲಕ ಅದು ಕೆಥಾರ್ಸಿಸ್ ಮಾಡುತ್ತದೆ ಅಂತ ಒಮ್ಮೆ ಹೇಳುತ್ತಾನೆ. ಹೇಳಿ ಬಿಟ್ಟುಬಿಡುತ್ತಾನೆ. ಏನು ಹಾಗಂದರೆ ಅಂತ ಆ ಪುಸ್ತಕದಲ್ಲಿ ಎಲ್ಲೂ ವಿವರಿಸುವುದಿಲ್ಲ. ರಾಜನೀತಿಯ ಪುಸ್ತಕದಲ್ಲಿ ಸಂಗೀತದ ಬಗ್ಗೆ ಮಾತಾಡುವಾಗ, ಕಾವ್ಯದ ಪುಸ್ತಕದಲ್ಲಿ ವಿವರವಾಗಿ ಹೇಳುತ್ತೇನೆ ಎಂದಿದ್ದಾನೆ. ಆ ವಿವರ ನಮಗೆ ಸಿಕ್ಕಿಲ್ಲ. ಮುಂದೆ 1857ರಲ್ಲಿ ಯಾಕೋಬ್ ಬರ್ನೇಸ್ ಎಂಬ ಜರ್ಮನ್ ವಿದ್ವಾಂಸ, ಇದು ವೈದ್ಯರು ಹೊಟ್ಟೆ ತೊಳೆಯುವ ಹಾಗೆ ಒಳಗಿನ ಭಾವನೆಗಳನ್ನು ಹೊರಹಾಕುವುದು ಎಂದು ಬಲವಾಗಿ ವಾದಿಸಿದ. ಈ ಬರ್ನೇಸ್ ಫ್ರಾಯ್ಡ್‌ನ ಹೆಂಡತಿಗೆ ದೊಡ್ಡಪ್ಪ. ಈಗ ಎಲ್ಲರ ಬಾಯಲ್ಲೂ ಇರುವುದು ಈ ಅರ್ಥವೇ. ಕುಕ್ಕರಿನಲ್ಲಿ ಹಬೆ ತುಂಬಿದಾಗ ಸೀಟಿ ಹೊಡೆದು ಹೊರಗೆ ಹೋಗುವ ಹಾಗೆ ಅಂತ ಜನ ಅಂದುಕೊಂಡಿದ್ದಾರೆ.

ಹಾಗಿದ್ದರೆ ಒಂದು ಸಲ ನೋಡಿದ ಮೇಲೆ ಮುಗಿಯಬೇಕಿತ್ತು. ನಿಮ್ಮ ಅಪ್ಪನಂಥವರನ್ನು ನಾನು ಕಂಡಿದ್ದೇನೆ. ಕರ್ಣಪರ್ವದ ಒಂದೊಂದು ಪದ್ಯವೂ ಬಾಯಿಗೆ ಬರುತ್ತದೆ, ಯಾವ ಭಾಗವತರು ಯಾವ ಸಾಲನ್ನು ಎಳೆದು ಹಾಡುತ್ತಾರೆ ಅಂತ ಮೊದಲೇ ಗೊತ್ತಿರುತ್ತದೆ, ಆದರೂ ಪ್ರತಿ ಮಳೆಗಾಲ ಮೇಳ ಮುಂಬಯಿಗೆ ಬಂದಾಗ ಬಂದು ಕೂತು ಕಣ್ಣು ಒರೆಸಿಕೊಳ್ಳುತ್ತಾರೆ. ಖಾಲಿಯಾಗಿದ್ದರೆ ಮತ್ತೆ ಎಲ್ಲಿಂದ ಬಂತು? ಅಳು ಅಂದ ಕೂಡಲೇ ಹಗುರ ಅನ್ನುವುದೂ ಅಷ್ಟು ಸರಳವಲ್ಲ. ನೆದರ್‌ಲ್ಯಾಂಡ್ಸಿನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ದುಃಖದ ಸಿನಿಮಾ ತೋರಿಸಿ ನೋಡಿದರು. ಅತ್ತವರ ಮನಸ್ಸು ಸಿನಿಮಾ ಮುಗಿದ ಕೂಡಲೇ ಮೊದಲಿಗಿಂತ ಕುಗ್ಗಿತ್ತು. 20 ನಿಮಿಷದಲ್ಲಿ ಮೊದಲಿನ ಹಾಗಾಯಿತು. 90 ನಿಮಿಷದ ಹೊತ್ತಿಗೆ ಮೊದಲಿಗಿಂತ ಚೆನ್ನಾಗಿತ್ತು. ನಿಮಗೂ ಹಗುರ ಅನಿಸಿದ್ದು ಸಭಾಂಗಣದಲ್ಲಿ ಅಲ್ಲ, ಡೊಂಬಿವಲಿಗೆ ಲೋಕಲ್ ಹಿಡಿದು ಮನೆ ಸೇರಿದ ಮೇಲೆ ಅಂತ ನೀವೇ ಬರೆದಿದ್ದೀರಿ.

ಅರಿಸ್ಟಾಟಲ್ ಅದೇ ಪುಸ್ತಕದಲ್ಲಿ ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ಹಿಡಿಸುತ್ತದೆ. ನೇರವಾಗಿ ನೋಡಲಾಗದ್ದನ್ನೂ, ಹೆಣವನ್ನು ಸಹ, ಚಿತ್ರದಲ್ಲಿ ನೋಡುವಾಗ ನಮಗೆ ಸಂತೋಷವಾಗುತ್ತದೆ, ಯಾಕೆಂದರೆ ನೋಡುತ್ತಾ ನಾವು ಏನೋ ಅರಿತುಕೊಳ್ಳುತ್ತೇವೆ ಎನ್ನುತ್ತಾನೆ. ನಿಮಗಾದದ್ದು ಹೆಚ್ಚಾಗಿ ಇದೇ. ಹೊರಗೆ ಹೋದದ್ದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ದೊಡ್ಡದು. ಮೈದುನನ ವಿವರಣೆಯಲ್ಲಿ ಒಂದು ಅಪಾಯವೂ ಇದೆ. ನಾಟಕವನ್ನು ಮಾತ್ರೆಯಂತೆ ತೆಗೆದುಕೊಂಡರೆ, ಮುಂದಿನ ಸಲ ಅಳು ಬಾರದಿದ್ದಾಗ, ಹಗುರ ಅನಿಸದಿದ್ದಾಗ, ನನ್ನಲ್ಲೇ ಏನೋ ಕೆಟ್ಟಿದೆ ಅಂತ ನೀವು ಕೊರಗುತ್ತೀರಿ. ಹಾಗೇನಿಲ್ಲ. ಕೆಲವು ಸಲ ಬರುತ್ತದೆ, ಕೆಲವು ಸಲ ಇಲ್ಲ. ಆದರೆ ಅಪ್ಪನ ನೆನಪಿನಲ್ಲಿ ನಿದ್ದೆ ಹೋಗಿದ್ದರೆ, ಊಟ ಸೇರದೆ ತಿಂಗಳುಗಟ್ಟಲೆ ಆಗಿದ್ದರೆ, ಅದಕ್ಕೆ ನಾಟಕ ಔಷಧಿಯಲ್ಲ. ಡಾಕ್ಟರ ಹತ್ತಿರ ಹೋಗಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ.

ದುರಂತ ನಮ್ಮದಲ್ಲ ಎಂದ ಸ್ನೇಹಿತರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಸಂಸ್ಕೃತ ನಾಟಕಗಳು ಹೆಚ್ಚಾಗಿ ಮಂಗಳದಲ್ಲಿ ಮುಗಿಯುತ್ತವೆ. ಭವಭೂತಿಯಂಥ ಭವಭೂತಿ, ಕರುಣವೊಂದೇ ರಸ ಎಂದು ಪಾತ್ರದ ಬಾಯಲ್ಲಿ ಹೇಳಿಸಿದವನು, ಅದೇ ನಾಟಕದ ಕೊನೆಗೆ ರಾಮಸೀತೆಯರನ್ನು ಒಂದು ಮಾಡಿಬಿಟ್ಟ. ಆದರೆ ಭಾಸನ ಹೆಸರಿನಲ್ಲಿರುವ ಊರುಭಂಗದಲ್ಲಿ ತೊಡೆ ಮುರಿದ ದುರ್ಯೋಧನ ನಮ್ಮ ಕಣ್ಣೆದುರೇ ಸಾಯುತ್ತಾನೆ. ಕನ್ನಡಕ್ಕೆ ಬಂದರೆ ಕೇಳುವುದೇ ಬೇಡ. ಪಂಪ 941ರಲ್ಲಿ ತನ್ನ ರಾಜನನ್ನು ಅರ್ಜುನನಿಗೆ ಹೋಲಿಸಿ ಕಾವ್ಯ ಬರೆದ. ಅದೇ ಕಾವ್ಯದಲ್ಲಿ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದ. ಅರ್ಜುನನನ್ನು ಹೊಗಳಲು ಕೂತವನು ಹೇಳಿದ ಮಾತು ಇದು! ಮುಂದೆ ಅದೇ ಶತಮಾನದಲ್ಲಿ ರನ್ನ, ಭೀಮನ ಗೆಲುವಿನ ಕಥೆ ಹೇಳಲು ಹೊರಟು, ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದ. ಅಲ್ಲಿ ಅವನು ತನ್ನವರಿಗಷ್ಟೇ ಅಳುವುದಿಲ್ಲ. ಶತ್ರುವಿನ ಮಗ ಅಭಿಮನ್ಯುವಿನ ಎದುರು ನಿಂತು, ನನಗೂ ಇಂಥ ಸಾವು ಬರಲಿ ಎನ್ನುತ್ತಾನೆ. ಈಸ್ಕಿಲಸ್ ಶತ್ರುವಿನ ತಾಯಿಗೆ ಕೊಟ್ಟ ಜಾಗವನ್ನು ನಮ್ಮವರು ಕರ್ಣನಿಗೆ, ದುರ್ಯೋಧನನಿಗೆ ಕೊಟ್ಟರು. ಇನ್ನು 'ಕೆರೆಗೆ ಹಾರ' ಹಾಡಿದ ಹಳ್ಳಿಯ ಹೆಂಗಸರು ಯಾವ ಗ್ರೀಕ್ ಪುಸ್ತಕ ಓದಿದ್ದರು? ಕೆರೆಗೆ ನೀರು ಬರಲಿ ಅಂತ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥೆಯನ್ನು, ಯಾರನ್ನೂ ಬೈಯದೆ, ಒಂದು ಸಾಲೂ ಹೆಚ್ಚಿಲ್ಲದೆ ಹೇಳಿದ್ದಾರೆ. ಅದಕ್ಕಿಂತ ಕಠಿಣವಾದ ದುರಂತ ನನಗೆ ಗೊತ್ತಿಲ್ಲ.

ಹಾಗೆಯೇ ಪಶ್ಚಿಮದವರೆಲ್ಲ ದುರಂತವನ್ನು ಅಪ್ಪಿಕೊಂಡವರು ಅಂತಲೂ ತಿಳಿಯಬೇಡಿ. ಶೇಕ್ಸ್‌ಪಿಯರನ ಲಿಯರ್ ರಾಜನ ನಾಟಕದಲ್ಲಿ ಒಳ್ಳೆಯ ಮಗಳು ಕಾರ್ಡೀಲಿಯಾ ಸಾಯುವುದನ್ನು ಸಹಿಸಲಾಗದೆ ನೇಹಮ್ ಟೇಟ್ 1681ರಲ್ಲಿ ಕೊನೆಯನ್ನೇ ಬದಲಿಸಿ, ಅವಳಿಗೆ ಮದುವೆ ಮಾಡಿಸಿ ಬರೆದ. ಇಂಗ್ಲೆಂಡಿನಲ್ಲಿ ಸುಮಾರು ಒಂದೂವರೆ ಶತಮಾನ ರಂಗದ ಮೇಲೆ ನಡೆದದ್ದು ಅದೇ. ಶೇಕ್ಸ್‌ಪಿಯರನ ನಾಟಕಗಳನ್ನು ಸಂಪಾದಿಸಿದ ಜಾನ್ಸನ್ ಅಂಥವನೇ, ಕಾರ್ಡೀಲಿಯಾ ಸಾವು ಓದಿ ಎಷ್ಟು ಕಂಗೆಟ್ಟೆನೆಂದರೆ ಸಂಪಾದನೆಗೆ ಕೂರುವವರೆಗೆ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಲಾಗಲಿಲ್ಲ ಎಂದು ಬರೆದುಕೊಂಡಿದ್ದಾನೆ. ದುಃಖದಿಂದ ಸುಖ ಹೇಗೆ ಎಂಬುದರಲ್ಲೂ ನಮ್ಮವರು ಒಂದೇ ಮಾತಾಡಿಲ್ಲ. ಕಾವ್ಯಮೀಮಾಂಸಕ ವಿಶ್ವನಾಥ 14ನೇ ಶತಮಾನದಲ್ಲಿ, ಕರುಣರಸ ನೋವೇ ಆಗಿದ್ದರೆ ಅದನ್ನು ನೋಡಲು ಯಾರು ಹೋಗುತ್ತಿದ್ದರು, ಸಹೃದಯರ ಅನುಭವವೇ ಇದಕ್ಕೆ ಸಾಕ್ಷಿ ಎಂದ. ಅವನಿಗೂ ಮುಂಚೆ 12ನೇ ಶತಮಾನದಲ್ಲಿ ರಾಮಚಂದ್ರ ಮತ್ತು ಗುಣಚಂದ್ರ ಎಂಬ ಇಬ್ಬರು ಜೈನ ವಿದ್ವಾಂಸರು, ಕೆಲವು ರಸಗಳು ಸುಖ, ಕೆಲವು ನಿಜವಾಗಿಯೂ ದುಃಖವೇ, ಖುಷಿ ಬರುವುದು ಕವಿ ಮತ್ತು ನಟರ ಕೌಶಲದಿಂದ ಎಂದಿದ್ದರು. ಹ್ಯೂಮ್ ಹೇಳಿದ್ದಕ್ಕೆ ಹತ್ತಿರದ ಮಾತು, ಆರು ನೂರು ವರ್ಷ ಮೊದಲೇ.

ಅತ್ತೆಯವರ ಮಾತಿಗೆ ನಾನು ಜಗಳಕ್ಕೆ ಹೋಗುವುದಿಲ್ಲ, ನೀವೂ ಹೋಗಬೇಡಿ. ಸಾವು ಕಂಡ ಮನೆಗೆ ಮತ್ತೆ ಅಳು ಬರುವುದು ಬೇಡ ಅನ್ನುವ ಹೆದರಿಕೆ ಅವರದ್ದು. ಬೇಕಿದ್ದರೆ ನಾಟ್ಯಶಾಸ್ತ್ರದ ಮೊದಲನೇ ಅಧ್ಯಾಯದ ಮಾತನ್ನು ಅವರಿಗೆ ಹೇಳಿ. ದುಃಖದಲ್ಲಿರುವವರಿಗೆ, ದಣಿದವರಿಗೆ, ಶೋಕದಲ್ಲಿರುವವರಿಗೆ ಈ ನಾಟ್ಯ ವಿಶ್ರಾಂತಿ ಕೊಡುತ್ತದೆ ಎಂದು ಅಲ್ಲಿ ಬ್ರಹ್ಮನೇ ಹೇಳುತ್ತಾನೆ. ಶೋಕದಲ್ಲಿರುವವರು ನೋಡಬಾರದು ಅಂತ ಇಲ್ಲ, ಅವರಿಗಾಗಿಯೇ ಅಂತ ಇದೆ.

ಆದರೆ ಅತ್ತೆಯವರ ಅಳುಕಿನಲ್ಲಿ ಪ್ಲೇಟೋ ಹೇಳಿದ ಒಂದು ತೂಕದ ಮಾತು ಅಡಗಿದೆ. ಬೇರೆಯವರ ಗೋಳು ನೋಡಿ ನೋಡಿ ಒಳಗಿನ ಅಳುವ ಭಾಗಕ್ಕೆ ಮೇವು ಹಾಕುತ್ತಾ ಹೋದರೆ, ನಮಗೇ ಕಷ್ಟ ಬಂದಾಗ ಅದನ್ನು ಹಿಡಿಯಲಾಗುವುದಿಲ್ಲ ಎಂದ ಅವನು. ಇದು ಎಲ್ಲ ದುಃಖದ ಕಥೆಗೂ ಹೊಂದುವುದಿಲ್ಲ, ಬರೀ ಅಳಿಸುವುದಕ್ಕೇ ಮಾಡಿದ ಸರಕಿಗೆ ಚೆನ್ನಾಗಿ ಹೊಂದುತ್ತದೆ. ಎರಡಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಅಳಿಸುವ ಸರಕಿನಲ್ಲಿ ಒಬ್ಬಳು ಪಾಪದವಳು, ಒಬ್ಬಳು ದುಷ್ಟೆ, ಒಂದು ಅಪಘಾತ ಅಥವಾ ಒಂದು ರೋಗ. ನೋಡಿ ಮುಗಿಸಿದಾಗ ನಮ್ಮ ಮೇಲೆ ನಮಗೇ ಅಯ್ಯೋ ಅನಿಸುತ್ತದೆ. ದುರಂತದಲ್ಲಿ ಹಾಗಾಗುವುದಿಲ್ಲ. ಅರಿಸ್ಟಾಟಲ್ ಇದನ್ನು ಬಹಳ ಸರಿಯಾಗಿ ಗುರುತಿಸಿದ: ಪೂರ್ತಿ ಒಳ್ಳೆಯವನು ಕೆಟ್ಟುಹೋದರೆ ಅಸಹ್ಯವಾಗುತ್ತದೆ, ದುಷ್ಟ ಬಿದ್ದರೆ ಕರುಣೆ ಬರುವುದಿಲ್ಲ, ನಡುವಿನ ಮನುಷ್ಯನೊಬ್ಬ ತನ್ನದೇ ಒಂದು ತಪ್ಪು ಹೆಜ್ಜೆಯಿಂದ ಬಿದ್ದಾಗ ಮಾತ್ರ ಕರುಣೆಯೂ ಭಯವೂ ಹುಟ್ಟುತ್ತವೆ. ಕರ್ಣನ ಔದಾರ್ಯ, ನಿಷ್ಠೆ ಅವನ ಹೆಚ್ಚುಗಾರಿಕೆ. ಅವನನ್ನು ಕೊಂದದ್ದೂ ಅವೇ. ತಮ್ಮಂದಿರು ಯಾರು ಅಂತ ಗೊತ್ತಾದ ಮೇಲೂ ಅವನು ದುರ್ಯೋಧನನನ್ನು ಬಿಡುವುದಿಲ್ಲ. ಬಿಟ್ಟಿದ್ದರೆ ಅವನು ಕರ್ಣನೇ ಅಲ್ಲ. ಬಿಡದೆ ಇದ್ದದ್ದರಿಂದ ಅಭಿಮನ್ಯುವನ್ನು ಕೊಂದವರ ಸಾಲಿನಲ್ಲಿ ಅವನೂ ನಿಂತ. ಎರಡು ಸರಿಗಳು ಎದುರುಬದುರು ನಿಂತು ಒಂದನ್ನೊಂದು ತಿನ್ನುವುದೇ ದುರಂತ ಎಂದು ಮುಂದೆ ಜರ್ಮನ್ ತತ್ವಜ್ಞಾನಿ ಹೆಗೆಲ್ ಹೇಳಿದ್ದು ಇದಕ್ಕೇ ಒಪ್ಪುತ್ತದೆ. ಇದನ್ನು ನೋಡಿ ಬಂದವರಿಗೆ ಯಾರನ್ನೂ ಸುಲಭವಾಗಿ ಬೈಯಲು ಬಾಯಿ ಬರುವುದಿಲ್ಲ. ಜಗತ್ತು ನಾವು ಅಂದುಕೊಂಡಷ್ಟು ನ್ಯಾಯವಾಗಿಲ್ಲ, ಆದರೂ ಅದರಲ್ಲಿ ದೊಡ್ಡತನ ಇದೆ ಅನ್ನುವ ಎರಡೂ ಮಾತನ್ನು ಒಟ್ಟಿಗೆ ಹಿಡಿದುಕೊಳ್ಳಲು ಕಲೆ ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ.

ಕರ್ಣಪರ್ವ ಮತ್ತೆ ನೋಡಬೇಕು ಅನಿಸಿದರೆ ಖಂಡಿತ ನೋಡಿ. ಆದರೆ ಮೊದಲ ಸಲದ ಅಳುವನ್ನೇ ಹುಡುಕಿಕೊಂಡು ಹೋಗಬೇಡಿ. ಸಾಧ್ಯವಾದರೆ ಅದೇ ಪ್ರಸಂಗದ ತಾಳಮದ್ದಳೆಗೂ ಹೋಗಿ. ಅಲ್ಲಿ ಬಣ್ಣ, ಕುಣಿತ ಇರುವುದಿಲ್ಲ, ಅರ್ಥಧಾರಿಗಳು ಕರ್ಣನ ಪರ, ವಿರೋಧ ಎರಡೂ ಮಾತಾಡುತ್ತಾರೆ. ಅಳುವಿನಲ್ಲಿ ಕಂಡದ್ದು ಅಲ್ಲಿ ವಿಚಾರಕ್ಕೆ ಬರುತ್ತದೆ.

ನಟಸಮ್ರಾಟ್ ಬೇರೆಯೇ ಮಾತು. ವಿ. ವಾ. ಶಿರವಾಡಕರ್, ನಾವು ಕುಸುಮಾಗ್ರಜ ಎಂದು ಕರೆಯುವವರು, ಲಿಯರ್ ರಾಜನ ನೆರಳಿನಲ್ಲಿ ಬರೆದದ್ದು. 1970ರಲ್ಲಿ ರಂಗಕ್ಕೆ ಬಂತು, ಶ್ರೀರಾಮ್ ಲಾಗೂ ಮೊದಲು ಆ ಪಾತ್ರ ಮಾಡಿದರು. ನಿವೃತ್ತನಾದ ನಟನೊಬ್ಬ ಇದ್ದಬದ್ದದ್ದೆಲ್ಲ ಮಕ್ಕಳಿ­ಗೆ ಕೊಟ್ಟು, ಮಕ್ಕಳ ಮನೆಯಲ್ಲೇ ಅವಮಾನ ಪಟ್ಟು, ಹೆಂಡತಿಯ ಜೊತೆ ಮನೆ ಬಿಡುವ ಕಥೆ. ಬಹಳ ದೊಡ್ಡ ನಾಟಕ. ಆದರೆ ಅಲ್ಲಿ ಕಿರೀಟವಿಲ್ಲ, ಚೆಂಡೆಯಿಲ್ಲ. ನಿಮ್ಮ ಮನೆಯಂಥದ್ದೇ ಮನೆ, ಅಪ್ಪ, ಮಗಳು. ಕರ್ಣಪರ್ವದಲ್ಲಿ ಇದ್ದ ದೂರ ಅಲ್ಲಿ ಇರುವುದಿಲ್ಲ. ಅಪ್ಪನ ಕೊನೆಗಾಲಕ್ಕೆ ನಾನಿರಲಿಲ್ಲ ಅನ್ನುವ ಕೊರಗು ನಿಮ್ಮಲ್ಲಿ ಇನ್ನೂ ಹಸಿಯಾಗಿದ್ದರೆ, ನಾಟಕ ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗಾಗಬಹುದು. ಮಾಡದ ತಪ್ಪನ್ನು ಒಪ್ಪಿಕೊಂಡು ಮನೆಗೆ ಬರುತ್ತೀರಿ. ಈ ಸಲ ಬೇಡ, ಮುಂದೆ ನೋಡುತ್ತೇನೆ ಅಂತ ಗೆಳತಿಗೆ ಹೇಳಿದರೆ ಅದು ಹೇಡಿತನವಲ್ಲ. ಮರಾಠಿ ರಂಗಭೂಮಿಯಲ್ಲಿ ಅದು ಮತ್ತೆ ಮತ್ತೆ ಬರುವ ನಾಟಕ. ಇನ್ನೊಂದು ದಾರಿಯೂ ಇದೆ. ಮೊದಲು ಪುಸ್ತಕ ಓದಿ, ಮರಾಠಿ ಓದಲು ಕಷ್ಟವಾದರೆ ಗೆಳತಿಯಿಂದಲೇ ಕೊನೆಯವರೆಗೆ ಕಥೆ ಕೇಳಿ. ಕಥೆ ಗೊತ್ತಾದರೆ ಮಜಾ ಹೋಗುತ್ತದೆ ಅನ್ನುವುದು ದುರಂತದ ಮಟ್ಟಿಗೆ ನಿಜವಲ್ಲ. ಅಥೆನ್ಸಿನವರಿಗೂ ಕಥೆ ಮೊದಲೇ ಗೊತ್ತಿತ್ತು, ನಿಮಗೂ ಕರ್ಣ ಸಾಯುತ್ತಾನೆ ಅಂತ ಗೊತ್ತಿತ್ತು. ಕೇಳುವಾಗ ಅಪ್ಪನನ್ನು ಬಿಟ್ಟು ಆ ಮುದಿ ನಟನ ಬಗ್ಗೆಯೂ ನಿಮಗೆ ಕುತೂಹಲ ಹುಟ್ಟಿತು ಅಂದರೆ ಹೋಗಿ. ಬರೀ ಎದೆ ಹಿಂಡಿದಂತಾದರೆ ಸದ್ಯಕ್ಕೆ ಬಿಡಿ.

ಮಗನ ವಿಷಯದಲ್ಲಿ ನನಗೆ ಅಷ್ಟು ಚಿಂತೆಯಿಲ್ಲ. ನಮ್ಮ ಮಕ್ಕಳು ಶಾಲೆ ಸೇರುವ ಮೊದಲೇ ಗೋವಿನ ಹಾಡು ಕೇಳಿ ಬೆಳೆದವರು. ಪುಣ್ಯಕೋಟಿ ಕರುವಿಗೆ ಕೊನೆಯ ಸಲ ಹಾಲು ಕೊಟ್ಟು ಹೋಗುತ್ತಾಳೆ, ಹುಲಿ ಪ್ರಾಣ ಬಿಡುತ್ತದೆ. ಯಾವ ತಾಯಿಯೂ ಅದನ್ನು ಬಚ್ಚಿಟ್ಟಿಲ್ಲ. ಆದರೆ ಅವನನ್ನು ಮೊದಲು ಕರೆದುಕೊಂಡು ಹೋಗಬೇಕಾದದ್ದು ಕರ್ಣಪರ್ವಕ್ಕೆ. ಅಜ್ಜನಿಗೆ ಇಷ್ಟವಾದ ಆಟ ಅಂತ ಹೇಳಿ, ಕಥೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ನೀವು ಅತ್ತರೆ ಅವನಿಂದ ಮುಖ ಮುಚ್ಚಿಕೊಳ್ಳಬೇಡಿ. ಅವನು ಅಳದೆ ಚೆಂಡೆಯನ್ನೇ ನೋಡುತ್ತಾ ಕೂತರೆ ಬೇಜಾರು ಮಾಡಿಕೊಳ್ಳಬೇಡಿ, ಅವನ ವಯಸ್ಸಿಗೆ ಅದೇ ಸರಿ. ನಟಸಮ್ರಾಟ್‌ಗೆ ಹೋಗುವುದೇ ಆದರೆ ಮೊದಲ ಸಲ ಅವನನ್ನು ಬಿಟ್ಟು ಹೋಗಿ. ಅಲ್ಲಿ ನಿಮಗೆ ಇನ್ನೊಬ್ಬರನ್ನು ನೋಡಿಕೊಳ್ಳುವ ಕೆಲಸ ಬೇಡ, ಊರಲ್ಲಿ ಆದದ್ದೂ ಅದೇ ತಾನೇ. ಟಿಕೆಟ್ ತೆಗೆಯುವಾಗ ಸಾಲಿನ ತುದಿಯ ಸೀಟು ಕೇಳಿ. ತಡೆಯಲಾಗದಿದ್ದರೆ ಮಧ್ಯಂತರದಲ್ಲಿ ಎದ್ದು ಬರುತ್ತೇನೆ ಅಂತ ಗೆಳತಿಗೆ ಮೊದಲೇ ಹೇಳಿಟ್ಟಿರಿ.